ನವೀಕರಣಕ್ಕೆ ಒಂಬತ್ತು ದಿನ ಬಾಕಿ

'ಅನುಭವ' ಎಂಬ ಖಾನೆಯೊಳಗೆ
ಕರ್ಸರ್ ಕಣ್ಣು ಮಿಟುಕಿಸುತ್ತ ನಿಂತಿದೆ.
ಐನೂರು ಅಕ್ಷರ ಮೀರಬಾರದಂತೆ.
ಹನ್ನೊಂದು ವರ್ಷ, ಎಂದು ಬರೆದೆ. ಅಳಿಸಿದೆ.
ಕಿಸುಮುವಿನಲ್ಲಿ ಈಗ ರಾತ್ರಿ ಎರಡು ಗಂಟೆ,
ಕೊಂಡೆಲೆಯ ತಿರುವಿನಲ್ಲಿ ಕೊನೆಯ ಬೈಕ್ ಟ್ಯಾಕ್ಸಿಯವನು
ಯಾರನ್ನೋ ಬೈಯುತ್ತ ಹೋದ.

ಫುಲ್‌ಸ್ಟ್ಯಾಕ್ ಅಂದರೇನೇ, ಅಂತ ಅಮ್ಮ ಕೇಳಿದ್ದಳು
ಒಮೆನಾ ಮೀನನ್ನು ಬಲೆಯ ಮೇಲೆ ಒಣಹಾಕುತ್ತ.
ಮನೆ ಕಟ್ಟಿದ ಹಾಗೆ, ಅಂದೆ.
ಮುಂಬಾಗಿಲ ಬಣ್ಣವೂ ನನ್ನದೇ,
ಹಿತ್ತಿಲಿನ ಬಚ್ಚಲ ಕೊಳವೆಯೂ ನನ್ನದೇ.
"ಹಾಗಾದರೆ ಮೇಸ್ತ್ರಿ ಅನ್ನು.
ಕೂಲಿ ದಿನಕ್ಕೋ, ಕೆಲಸಕ್ಕೋ?"
ಅದಕ್ಕೆ ಇವತ್ತಿಗೂ ಉತ್ತರ ಹೊಳೆದಿಲ್ಲ.

ಮೊದಲ ಸೈಟು ಚಿಕ್ಕಪ್ಪನ ಟಯರ್ ಅಂಗಡಿಯದು.
ಚಿತ್ರ ದೊಡ್ಡದಾಗಲಿ, ಎಂದ; ಮಾಡಿದೆ. ಇನ್ನೂ, ಎಂದ.
ಕೊನೆಗೆ ಪರದೆ ತುಂಬ ಒಂದೇ ಒಂದು ಟಯರು,
ನಡುವಿನ ತೂತಿನಲ್ಲಿ ಫೋನ್ ನಂಬರು.
ಜನ ಫೋನ್ ಮಾಡಿದರು ಕೂಡ.

ಓಸ್ಲೋದಲ್ಲೊಬ್ಬಳು, ಹಿಮದ ಬೂಟು ಮಾರುವವಳು.
ಮೂರು ವರ್ಷ ಅವಳ ಗಿರಾಕಿಗಳ ಬುಟ್ಟಿ ಹೊತ್ತೆ.
ಹಿಮವನ್ನು ನಾನು ಕಂಡದ್ದು
ಮೀನು ಮಾರುವವರ ಪೆಟ್ಟಿಗೆಯಲ್ಲಿ ಮಾತ್ರ.
ವಿಡಿಯೋ ಕರೆಯ ನಡುವೆ ಕೋಳಿ ಕೂಗಿದಾಗ
"ನಿನ್ನ ಅಲಾರಮ್ಮೇ?" ಎಂದಳು.
ಹೌದು, ಎಂದೆ.

ಮೊಂಬಾಸಾದ ಹೋಟೆಲಿನವನು ಏಳು ತಿಂಗಳು
ನನ್ನ ಬಿಲ್ಲಿಗೆ 'ನಾಳೆ ಬಾ' ಎಂದ,
ದೆವ್ವಕ್ಕೆಂದು ಬಾಗಿಲ ಮೇಲೆ ಬರೆದಿಟ್ಟ ಹಾಗೆ.
ದೆವ್ವ ನಾನೇ ಇರಬೇಕು,
ದಿನಾ ಬಂದು, ಓದಿ, ಹಿಂದಿರುಗಿದೆ.
ಸರ್ವರಿನ ಬೀಗದ ಕೈ ನನ್ನ ಹತ್ತಿರವೇ ಇತ್ತು.
ಮುಚ್ಚಲಿಲ್ಲ. ರೂಮು ಕಾದಿರಿಸಿದವರು
ಮಕ್ಕಳುಮರಿ ಕಟ್ಟಿಕೊಂಡು ರಾತ್ರಿ ರೈಲಿಗೆ ಬರುತ್ತಾರಲ್ಲ.

ಇದನ್ನೆಲ್ಲ ಐನೂರು ಅಕ್ಷರದಲ್ಲಿ ಎಲ್ಲಿ ತುರುಕಲಿ?
ಡೇಟಾಬೇಸ್ ಅರ್ಧ ಸಾಗಿದಾಗ ಕರೆಂಟು ಹೋಗಿ
ಪೆಟ್ರೋಲ್ ಬಂಕಿನ ಜನರೇಟರಿಗೆ ವೈರು ಸಿಕ್ಕಿಸಿ
ಕಾವಲಿನವನ ಸ್ಟೂಲಿನ ಮೇಲೆ ಬೆಳಗು ಮಾಡಿದ್ದನ್ನು?
ಸಾವಿರದ ಇನ್ನೂರು ಸಾಲುಗಳ ಹಿತ್ತಿಲಲ್ಲಿ
ತಪ್ಪಿಹೋದ ಒಂದು ಅಲ್ಪವಿರಾಮಕ್ಕಾಗಿ
ಎರಡು ದಿನ ಕಣ್ಣೀರಿಟ್ಟದ್ದನ್ನು?
ಹಿತ್ತಲ ಗಿಡ ಮದ್ದಲ್ಲ.
ಗಿರಾಕಿಗೆ ಬೇಕಾದದ್ದು ಬಾಗಿಲ ಬಣ್ಣ.

ಬಲಮೂಲೆಯಲ್ಲಿ ಅಷ್ಟರಲ್ಲಿ ಒಂದು ಸಂದೇಶ:
ಡೊಮೇನ್ ನವೀಕರಣಕ್ಕೆ ಒಂಬತ್ತು ದಿನ ಬಾಕಿ.

ಒಗುತು. ಕಿಬುಯೆ ಸಂತೆಯ ಅಂಚಿನ ಬಡಗಿ.
ದುಡ್ಡಿಲ್ಲ ಅಪೊಂಡಿ, ಎಂದು ಮುಚ್ಚುಮರೆಯಿಲ್ಲದೆ ಹೇಳಿ
ಸೈಟಿನ ಬದಲಿಗೆ ಒಂದು ಕುರ್ಚಿ ಮಾಡಿಕೊಟ್ಟ.
"ಕೂತು ಗೇಯುವವಳು ನೀನು, ಬೆನ್ನು ನೋಡಿಕೋ."
ಬಲಗಾಲು ತುಸು ಗಿಡ್ಡವಾಗಿತ್ತು,
ಮುಂದಿನ ವಾರ ಸರಿಮಾಡುತ್ತೇನೆ, ಎಂದ.
ಮುಂದಿನ ವಾರ ಅವನಿರಲಿಲ್ಲ.

ಸೈಟು ಇದೆ. ಮಂಚ, ಮೇಜು, ಮಗುವಿನ ತೊಟ್ಟಿಲು,
ಮರದ ಪುಡಿ ಹತ್ತಿದ ಅವನ ಹೆಬ್ಬೆರಳು ಒಂದು ಫೋಟೋದ ಅಂಚಿಗೆ.
ಪತ್ರಗಳು ನನ್ನ ಪೆಟ್ಟಿಗೆಗೇ ಬರುತ್ತವೆ.
ಸಿಯಾಯಾದಿಂದ ಯಾರೋ ಬರೆದಿದ್ದಾರೆ:
ನಮ್ಮಲ್ಲಿ ಅವಳಿ ಬರುವವರಿದ್ದಾರೆ,
ಇಬ್ಬರೂ ಹಿಡಿಸುವಂಥ ತೊಟ್ಟಿಲು ಆದೀತೆ, ಮೇಸ್ತ್ರಿಗಳೆ?

ಮೇಸ್ತ್ರಿಗಳೆ.
ಅವನ ಶಿಷ್ಯ ನ್ಯಾಂದಿಕೊನ ನಂಬರು ಹುಡುಕಿ ಕಳಿಸಿದೆ.
ಕೆಳಗೆ ಯಾರ ಹೆಸರು ಹಾಕಲಿ ಎಂದು ತಿಳಿಯದೆ
ಹಾಗೇ ಬಿಟ್ಟೆ.

ಸಾವಿರದ ನೂರು ಶಿಲಿಂಗ್. ಫೋನಿನಲ್ಲಿ ಪಿನ್ ಒತ್ತಿದೆ,
ಇನ್ನೊಂದು ವರ್ಷ ಆಯಿತು.
ಅನುಭವದ ಖಾನೆ ಖಾಲಿಯೇ ಇದೆ, ಬೆಳಿಗ್ಗೆ ನೋಡೋಣ.
ಏಳಹೋದರೆ ಕುರ್ಚಿ ಬಲಕ್ಕೆ ವಾಲುತ್ತದೆ;
ಕಾಲಡಿ ಮಡಚಿಟ್ಟ ಕಾಗದ
ಮತ್ತೆ ಜಾರಿದೆ.