ಒಂಬತ್ತನೆಯ ಸ್ಪೀಕರು

ಮೊದಲು ಒಂದು ಚಪ್ಪಾಳೆ.
ಬೆಳಿಗ್ಗೆ ಹತ್ತಕ್ಕೆ, ಖಾಲಿ ಪಬ್ಬಿನ ನಟ್ಟನಡುವೆ ನಿಂತು,
ಕುರ್ಚಿಗಳಿನ್ನೂ ಮೇಜಿನ ಮೇಲೆ ಕಾಲೆತ್ತಿ ಮಲಗಿರುವಾಗ.
ನೆಲ ಒರೆಸುವ ಹುಡುಗ ತಿರುಗಿ ನೋಡುತ್ತಾನೆ:
ಯಾರೂ ಹಾಡಿಲ್ಲ, ಇವಳದೇನು ಶಭಾಷ್‌ಗಿರಿ?

ಗೋಡೆಗೂ ಕಿವಿ ಇದೆ ಅನ್ನುತ್ತಾರೆ.
ನನ್ನ ಕಸುಬಿನಲ್ಲಿ ಗೋಡೆಗೆ ಬಾಯಿಯೇ ದೊಡ್ಡದು.
ಗ್ರಿಮ್ಸ್‌ಬಿ ಬಂದರಿನ ಈ 'ತ್ರೀ ಹೆರಿಂಗ್ಸ್'
ಒಂದಾನೊಂದು ಕಾಲಕ್ಕೆ ಮೀನಿಗೆ ಮಂಜುಗಡ್ಡೆ ಒಡೆಯುತ್ತಿದ್ದ ಶೆಡ್ಡು:
ಕಲ್ಲು ನೆಲ, ಬಿಳಿ ಟೈಲು, ನೀರಿನ ಕಡೆಗೆ ಉದ್ದಾನುದ್ದ ಗಾಜು.
ಒಂದು ಚಪ್ಪಾಳೆ ಕೊಟ್ಟರೆ ಏಳು ವಾಪಸು ಕೊಡುತ್ತದೆ,
ಒಂದೂ ಅಸಲಲ್ಲ.

ಗ್ಲೆನಿಸ್‌ಗೆ ಒಂಬತ್ತು ಸ್ಪೀಕರು ಬೇಕು.
"ಮೂಲೆಮೂಲೆಗೂ ಹಾಡು ಮುಟ್ಟಬೇಕು, ಟಾಯ್ಲೆಟ್ಟಿಗೂ.
ಸದ್ದಿಲ್ಲದ ಪಬ್ಬು ಸತ್ತ ಪಬ್ಬು."
ಗಂಡ ಹೋದ ಮೇಲೆ ಅವಳು ಎತ್ತಿದ ಮೊದಲ ಸಾಲ ಇದು.
ನಾನು ವಾದಕ್ಕಿಳಿಯದೆ ಟೇಪು ಬಿಚ್ಚುತ್ತೇನೆ.

(ಲೆಸ್ಟರ್‌ನಲ್ಲಿ ನನ್ನ ಮೊದಲ ಕೆಲಸ, ಕರಿ ಹೌಸು.
ತಂದೂರಿ ಒಲೆಯ ನೆತ್ತಿಗೇ ಸ್ಪೀಕರು ತೂಗುಹಾಕಿದೆ.
ವಾರದೊಳಗೆ ಅದರ ಕೋನು ಹಪ್ಪಳ.
ಅಂದಿನಿಂದ ಅಳೆಯದೆ ಮೊಳೆ ಹೊಡೆದಿಲ್ಲ.)

ಯಾರಿಗೂ ಹೇಳದ ಲೆಕ್ಕ ಒಂದಿದೆ:
ಹಾಡು ಏರಿದರೆ ಜನ ದನಿ ಏರಿಸುತ್ತಾರೆ,
ಜನದ ದನಿ ಏರಿದರೆ ಬಾರಿನ ಹುಡುಗಿ ಹಾಡು ಏರಿಸುತ್ತಾಳೆ.
ರಾತ್ರಿ ಹತ್ತಕ್ಕೆ ಎಲ್ಲರೂ ಕಿರುಚುತ್ತಿರುತ್ತಾರೆ,
ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ.

ಹನ್ನೊಂದಕ್ಕೆ ಬಾಗಿಲು ತೆರೆಯಿತು, ಇಬ್ಬರು ಬಂದರು.
ವಿಲ್ಫ್, ನಾರ್ಮನ್. ಗಾಜಿನ ಪಕ್ಕದ ಕಂಬದ ಮರೆಯ ಮೇಜು.
ವಿಲ್ಫ್ ಮೂವತ್ತು ವರ್ಷ ಟ್ರಾಲರಿನ ಇಂಜಿನ್ನಿಗೆ
ಎಡಗಿವಿಯನ್ನು ಕಂತುಕಂತಾಗಿ ಕಟ್ಟಿದವನು.
ನಾರ್ಮನ್ ಕೇಳದೆಯೇ ಬಲಕ್ಕೆ ಕೂತ.
ಆ ಕುರ್ಚಿಯ ಬೆತ್ತ ಅವನ ಆಕಾರಕ್ಕೇ ಜಗ್ಗಿದೆ.

ಕಿವಿ ಕೆಟ್ಟರೆ ಮೊದಲು ಹೋಗುವುದು ವ್ಯಂಜನ.
ಸ, ತ, ಕ, ಫ, ತೆಳ್ಳನೆಯವೆಲ್ಲ.
ಸ್ವರ ಕೊನೆತನಕ ಉಳಿಯುತ್ತದೆ.
ಎಲೆಯ ತುಂಬ ಅನ್ನ, ನಂಚಿಕೊಳ್ಳಲು ಏನೂ ಇಲ್ಲ.
ಮಾತು ಬಂತು ಅಂತ ಗೊತ್ತಾಗುತ್ತದೆ,
ಏನು ಬಂತು ಅಂತ ಗೊತ್ತಾಗುವುದಿಲ್ಲ.
ಆಗ ಮನುಷ್ಯ ನಗುತ್ತಾನೆ, ತಲೆಯಾಡಿಸುತ್ತಾನೆ,
ಒಂದು ದಿನ ಬರುವುದನ್ನು ಬಿಡುತ್ತಾನೆ.

ರಾತ್ರಿ ನಕ್ಷೆಯ ಮುಂದೆ ಕೂತೆ.
ಒಂಬತ್ತನೆಯದು ಸರಿಯಾಗಿ ಆ ಮೇಜಿನ ಮೇಲೆ ಬಿದ್ದಿತ್ತು.
ಅಳಿಸಿದೆ.
ಎಂಟನೆಯದರ ಮುಖವನ್ನು ಕಂಬದಾಚೆಗೆ ಹೊರಳಿಸಿದೆ,
ತಲೆಯ ಮೇಲೊಂದು ಹತ್ತಿಯ ದಪ್ಪ ಹಲಗೆ,
ಎದುರು ಗಾಜಿಗೆ ಉಣ್ಣೆಯ ಪರದೆ.
ಬಿಲ್ಲಿನಲ್ಲಿ ಹೀಗೆ ಬರೆದೆ: ಸ್ಪೀಕರು ಎಂಟು.
ಇಲ್ಲದ ಸ್ಪೀಕರು ಒಂದು. ದರ ಇಲ್ಲ.
ಗ್ಲೆನಿಸ್ ಕನ್ನಡಕ ಏರಿಸಿ ಓದಿದಳು, ಇಳಿಸಿದಳು.
"ಪರದೆ ಯಾವ ಬಣ್ಣ?" ಅಂದಳು, ಅಷ್ಟೆ.

ಶುಕ್ರವಾರ ಮೊದಲ ರಾತ್ರಿ.
ಮೀಟರು ಹಿಡಿದು ಜನರ ನಡುವೆ ನುಸುಳಿದೆ:
ಬಾರಿನ ಬಳಿ ಎಂಬತ್ತೆರಡು, ಡಾರ್ಟ್ಸ್ ಹಲಗೆಯ ಬಳಿ ಎಂಬತ್ತು,
ಕಂಬ ದಾಟಿದ್ದೇ ಅರವತ್ತೊಂದಕ್ಕೆ ಕುಸಿಯಿತು,
ಬಿಸಿಲಿಂದ ಹುಣಸೆಮರದ ಕೆಳಗೆ ಕಾಲಿಟ್ಟ ಹಾಗೆ.

ಇಬ್ಬರೂ ಇದ್ದರು.
ಇನ್ನೇನು ಮಾತು ಶುರುವಾಗುತ್ತದೆ ಅಂತ,
ಕದ್ದು ಕೇಳುವ ಕಸುಬಿನವಳು, ವೈರು ಸರಿಪಡಿಸುವ ನೆಪದಲ್ಲಿ ಬಗ್ಗಿದೆ.
ಐದು ನಿಮಿಷ. ಹತ್ತು.
ಇಬ್ಬರೂ ಬಂದರಿನ ದೀಪ ನೋಡುತ್ತಾ ಕೂತಿದ್ದರು.
ಅಷ್ಟೆಲ್ಲ ಅಳೆದು ಜಾಗ ಬಿಡಿಸಿಕೊಟ್ಟರೆ
ಒಂದು ಅಕ್ಷರ ಇಲ್ಲ.

ಕೊನೆಗೆ ವಿಲ್ಫ್ ತಿರುಗಿದ:
"ಏನೋ ಅಂದೆಯಾ?"
ನಾರ್ಮನ್ ದನಿಯೆತ್ತದೆ, ಗ್ಲಾಸಿಗೆ ಹೇಳುವಂತೆ,
"ಏನೂ ಇಲ್ಲ" ಅಂದ.

"ಹೂಂ" ಅಂದ ವಿಲ್ಫ್.
ಮತ್ತೊಮ್ಮೆ ಕೇಳಲಿಲ್ಲ.