ಇಳಿಯುವವರು ಯಾರು

ಉಲಾನ್‌ಬಾತರಿನಿಂದ ಗಡಿಯ ಝಾಮಿನ್-ಊದ್‌ವರೆಗೆ
ಹದಿನೈದು ಗಂಟೆ, ಐವತ್ತನಾಲ್ಕು ಮಲಗುವ ಹಲಗೆ.
ಏಳನೇ ಡಬ್ಬಿ ನನ್ನದು:
ಬಿಸಿನೀರು, ಹೊದಿಕೆ, ಜಗಳ ಎಲ್ಲ ನನ್ನ ಪಾಲು.
ಒಂದೇ ಹಲಗೆಗೆ ಇಬ್ಬರ ಬಳಿ ಟಿಕೆಟ್ ಇದ್ದ ರಾತ್ರಿ
ಯಾರನ್ನು ಇಳಿಸಿದೆ ಎಂದು ಕೇಳಬೇಡಿ.
ಇಳಿಸಿದ್ದೇನೆ.

ಈಗ ಮಗಳ ಬಾಯಿ.

"ಜಾಗ ಸಾಲದು" ಅಂದರು ಡಾಕ್ಟರ್ ಸರಂತುಯಾ,
ಎಕ್ಸ್‌ರೇಯನ್ನು ಕಿಟಕಿಯ ಹಿಮದ ಬೆಳಕಿಗೆ ಹಿಡಿದು.
ಕೋರೆಹಲ್ಲೊಂದು ಸಾಲು ತಪ್ಪಿ ಒಸಡು ಹತ್ತಿ
ಮೇಲಿನ ಹಲಗೆಯಿಂದ ಬಗ್ಗಿ ನೋಡುತ್ತಿತ್ತು,
ಮುಂದಿನವೆರಡು ಹೆಗಲು ತಿಕ್ಕಿಕೊಂಡು
ಒಂದರ ಕಾಲನ್ನೊಂದು ತುಳಿದು ನಿಂತಿದ್ದವು.
"ತಂತಿ ಹಾಕುವ ಮೊದಲು ನಾಲ್ಕು ತೆಗೆಯೋಣ.
ಮೇಲೆರಡು, ಕೆಳಗೆರಡು. ಕೋರೆಯ ಪಕ್ಕದವು."

ಯಾವ ತಪ್ಪಿಗೆ? ಕೇಳಿದೆ.
ಹುಳುಕಿಲ್ಲ, ನೋವಿಲ್ಲ,
ಬಂದು ಮೂರು ವರ್ಷವೂ ಆಗಿಲ್ಲ.
"ತಪ್ಪೇನಿಲ್ಲ" ಅಂದರು, "ಕೂತ ಜಾಗ ಅಂಥದ್ದು."

ಗೋಬಿಯಿಂದ ಅಪ್ಪ ಫೋನಿನಲ್ಲೇ ಗುಡುಗಿದರು.
ನಮ್ಮ ಮಾತಿನಲ್ಲಿ ಕುದುರೆಯ ವಯಸ್ಸಿಗೆ ಹಲ್ಲಿನದೇ ಹೆಸರು:
ಶುದ್ಲೆನ್ ಎಂದರೆ ಮುಂಬಲ್ಲು ಬದಲಾದದ್ದು,
ಸೊಯೋಲೊನ್ ಎಂದರೆ ಕೋರೆ ಮೂಡಿದ್ದು.
"ಗಟ್ಟಿ ಹಲ್ಲು ಕಿತ್ತರೆ
ಇವಳ ವಯಸ್ಸನ್ನು ಯಾರು ಓದಬೇಕು?"
ಗಾಳಿಯ ಸದ್ದು ಸ್ವಲ್ಪ ಹೊತ್ತು.
ಆಮೇಲೆ ತಾವೇ ತಗ್ಗಿ,
"ಕಡಿವಾಣಕ್ಕೆ ತಾಗುವ ಪುಟ್ಟ ಹಲ್ಲು
ನಾನೂ ಕಿತ್ತದ್ದುಂಟು, ಒಂದೆರಡು ಮರಿಗಳಿಗೆ.
ಎಲ್ಲಕ್ಕೂ ಅಲ್ಲ.
ಬಾಯಿ ಬಿಡಿಸಿ ನೋಡಬೇಕು, ಮಗಳೇ."

ಎರಡನೆಯ ಡಾಕ್ಟರ್ ಬಾಯಿ ಬಿಡಿಸಿ ನೋಡಿದರು.
ಗುಲಾಬಿ ಹಿಟ್ಟು ಕಚ್ಚಿಸಿ ಅಚ್ಚು ತೆಗೆದರು.
ಸುಣ್ಣದ ದವಡೆಯ ಮೇಲೆ ಹಿತ್ತಾಳೆಯ ತಂತಿ ಬಾಗಿಸಿ
ಬಿಡಿಸಿ, ನೇರ ಮಾಡಿ, ಅಳತೆಪಟ್ಟಿಗೆ ಇಟ್ಟರು.
ಕೆಳಗೆ ಎರಡು ಮಿಲಿಮೀಟರ್ ಕೊರತೆ,
ಅಂಚುಗಳನ್ನು ಕೂದಲೆಳೆಯಷ್ಟು ತೀಡಿದರೆ ಸಾಕು.
ಮೇಲೆ ಎಂಟು.
ಎಂಟು ತೀಡಿದರೆ ಹುಟ್ಟುವುದಿಲ್ಲ.
"ಏಳೆಂಟು ವರ್ಷದಲ್ಲೇ ತಂದಿದ್ದರೆ
ದವಡೆ ಅಗಲಿಸಿ ನೋಡಬಹುದಿತ್ತೇನೋ."

ಅವಳ ಏಳೆಂಟು ವರ್ಷದಲ್ಲಿ
ನಾನು ರೈಲಿನಲ್ಲಿದ್ದೆ.

ನಾಲ್ಕಲ್ಲ, ಎರಡು.
ನೊಮೂನ್ ಬಾಯಿ ತೆರೆದೇ ಇಟ್ಟು
ಲೆಕ್ಕವನ್ನೆಲ್ಲ ಕೇಳಿಸಿಕೊಂಡಳು.
ಮುಚ್ಚಿದ ಮೇಲೆ ಒಂದೇ ಪ್ರಶ್ನೆ:
"ಕಿತ್ತದ್ದನ್ನು ನನಗೇ ಕೊಡುತ್ತೀರಾ?"

ಹಾಲುಹಲ್ಲು ಬಿದ್ದಾಗ
ಕುರಿಯ ಬಾಲದ ಕೊಬ್ಬಿನಲ್ಲಿ ಸುತ್ತಿ
ನಾಯಿಗೆ ತಿನ್ನಿಸುತ್ತೇವೆ ನಾವು:
ಇದನ್ನು ತಗೋ, ನಿನ್ನಂಥದ್ದು ಕೊಡು.
ಅಪ್ಪ ಈ ಸಲವೂ ಕೊಬ್ಬು ಕಳಿಸಿದ್ದರು,
ಬಸ್ಸಿನ ಡ್ರೈವರನ ಕೈಯಲ್ಲಿ, ಪತ್ರಿಕೆಯಲ್ಲಿ ಕಟ್ಟಿ.
ಬೇಲಿಯಾಚೆಯ ಬಾಸರ್ ಓಡಿ ಬಂತು,
ಕೊಬ್ಬನ್ನು ನೆಕ್ಕಿ ನುಣ್ಣಗೆ ಮಾಡಿ
ಹಲ್ಲನ್ನು ಹಿಮದ ಮೇಲೆ ಉಗುಳಿತು.
ಹಿಂದೆ ಮತ್ತೊಂದು ಬರುವುದಿಲ್ಲವೆಂದು
ನಾಯಿಗೂ ಗೊತ್ತಿತ್ತೆ?
ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ನಕ್ಕಳು ನೊಮೂನ್,
ತುಟಿಯಂಚಿಗೆ ಒಂದು ಕೆಂಪು ಗೆರೆ.
ಇನ್ನೊಂದನ್ನು ನಾಯಿಗೆ ಕೊಡಲಿಲ್ಲ.

ಈಗ ತಂತಿ ಬಿದ್ದಿದೆ.
ಹಲ್ಲಿಗೊಂದು ಬೆಳ್ಳಿಯ ಪುಟ್ಟ ನಿಲ್ದಾಣ.
ತಿಂಗಳಿಗೊಂದು ಮಿಲಿಮೀಟರ್, ಅಷ್ಟೂ ಇಲ್ಲ,
ಮೇಲಿನ ಹಲಗೆಯ ಕೋರೆ ಇಳಿದು ಬರುತ್ತಿದೆ.
ಮೊದಲ ವಾರ ಗಂಜಿಗೂ ಅತ್ತಳು.
ನೂಡಲ್ಸ್ ಸಿಕ್ಕಿಕೊಂಡರೆ ನನ್ನನ್ನೇ ಬೈಯುತ್ತಾಳೆ.
ಪ್ರತಿ ಸಲ ಮನೆಗೆ ಬಂದಾಗ
ಟಾರ್ಚ್ ಹಿಡಿದು ಬಾಯೊಳಗೆ ನೋಡುತ್ತೇನೆ:
ಕಡಲೆ ಹಿಡಿಯುತ್ತಿದ್ದ ಸಂದು
ಅಕ್ಕಿಯಷ್ಟಾಯಿತು, ದಾರದಷ್ಟಾಯಿತು.

ಉಳಿದ ಹಲ್ಲು ನನ್ನ ಕೋಟಿನ ಜೇಬಿನಲ್ಲಿದೆ,
ಚಿಲ್ಲರೆಯ ಜೊತೆಗೆ.
ನಿನ್ನೆ ಸಾಯಿನ್‌ಶಾಂದ್ ದಾಟುವಾಗ
ಮತ್ತೆ ಇಬ್ಬರು, ಒಂದು ಹಲಗೆ.
ಇಬ್ಬರೂ ನನ್ನ ಮುಖ ನೋಡುತ್ತಿದ್ದರು.
ಜೇಬಿಗೆ ಕೈ ಹಾಕಿದೆ.
ಬಿಳಿ, ನಯ, ಎರಡು ಬೇರು.
ಇದಕ್ಕೂ ಟಿಕೆಟ್ ಇತ್ತು.