ಅಳತೆ ಕೇಳದೆ

ಅಳತೆ ಕೇಳಿದರೆ ಗುಟ್ಟು ರಟ್ಟು.
ಹಾಗಾಗಿ ನವೆಂಬರ್ ಪೂರ್ತಿ
ನಾನು ಕಳ್ಳಿ.

ಎಲ್ಲರೂ ಮಲಗಿದ ಮೇಲೆ
ಬಾಗಿಲ ಬಳಿಯ ಬೂಟುಗಳೊಳಗೆ ಕೈಯಿಟ್ಟು
ಗೇಣು ಹಾಕುತ್ತೇನೆ.
ಕೊಕ್ಕೆಯಲ್ಲಿ ತೂಗುವ ಕೋಟಿನ ತೋಳಿಗೆ
ದಾರ ಹಿಡಿದು, ಗಂಟಿಕ್ಕಿ,
ಜೇಬಿಗೆ ಇಳಿಸುತ್ತೇನೆ.
ಜೇಬಿನಲ್ಲೀಗ ಎಂಟು ದಾರ,
ಎಂಟು ಗಂಟು, ಒಂದು ಸಂಸಾರ.

ಗಾರ್ನೆಟ್ ಕೊಲ್ಲಿಯಲ್ಲಿ ನಾಲ್ಕಕ್ಕೇ ಕತ್ತಲು.
ನ್ಯೂಫೌಂಡ್‌ಲ್ಯಾಂಡಿನ ಈ ಮೂಲೆಗೆ
ಸಾಮಾನಿನ ಹಡಗು ಗಾಳಿ ಒಪ್ಪಿದರೆ ಬರುತ್ತದೆ,
ಒಪ್ಪದಿದ್ದರೆ ಇಲ್ಲ.
ಹೋದ ವರ್ಷದ ಕ್ರಿಸ್‌ಮಸ್ ನಮಗೆ ಇಳಿದದ್ದು
ಜನವರಿ ಹತ್ತಕ್ಕೆ,
ಗೊಂಬೆಯ ಪೆಟ್ಟಿಗೆಯೊಳಗೆ ಮೊಣಕಾಲುದ್ದ ಉಪ್ಪುನೀರು.
ಗೊಂಬೆಯ ಮೊಣಕಾಲು, ನಮ್ಮದಲ್ಲ. ಆದರೂ.
ಅದಕ್ಕೇ ಈ ಸಲ ಕ್ಯಾಟಲಾಗನ್ನು
ಒಲೆ ಹೊತ್ತಿಸಲು ಇಟ್ಟುಕೊಂಡು
ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟೆ.

ಹಿಟ್ಟಿನ ಚೀಲ ನಾಲ್ಕು ಸಲ ಒಗೆದರೂ
ಗಿರಣಿಯ ಮುದ್ರೆ ಬಿಡಲಿಲ್ಲ.
ಡಲ್ಸಿಯ ಒಳಲಂಗದ ಹಿಂಬದಿ,
ಸರಿಯಾಗಿ ಕೂರುವ ಜಾಗದಲ್ಲಿ,
'ತೂಕ ನೂರು ಪೌಂಡು' ಎಂದಿದೆ.
ಇರಲಿ, ಮೇಲೊಂದು ನೀಲಿ ಫ್ರಾಕು ಬರುತ್ತದೆ.
ಹುಡುಗಿ ಬೇಲಿಗೆ ತಲೆಕೆಳಗಾಗಿ ಜೋತುಬೀಳದಿದ್ದರೆ
ಯಾರಿಗೂ ತಿಳಿಯದು.
ಜೋತುಬೀಳುತ್ತಾಳೆ, ನನಗೆ ಗೊತ್ತು.

ಅತ್ತೆ ಡ್ರುಸಿಲ್ಲಾಗೆ ಕಣ್ಣು ಮಂದ,
ಕಿವಿ ಮಂದವಲ್ಲ, ನಾಲಿಗೆಯಂತೂ ಅಲ್ಲವೇ ಅಲ್ಲ.
'ಏನೇ ಅದು, ಅರ್ಧರಾತ್ರಿವರೆಗೆ ಕಟಕಟ?'
'ಹರಿದ ಹಾಯಿ, ಅತ್ತೆ.'
ತಡವರಿಸುತ್ತ ಬಂದು ಬಟ್ಟೆಯಂಚು ಮುಟ್ಟಿ,
'ಹಾಯಿಗೆ ಲೇಸು ಕಟ್ಟಿಕೊಂಡು
ದೋಣಿ ಯಾರ ಮದುವೆಗೆ ಹೊರಟಿತೇ, ತಾಯಿ?'
ಆಕೆಗೆಂದೇ ಹೊಲಿಯುತ್ತಿದ್ದ ಟೋಪಿಯ ಮೇಲೆ
ಥಟ್ಟನೆ ಕೂತುಬಿಟ್ಟೆ.
ಸೂಜಿ ಅದರಲ್ಲೇ ಇತ್ತು.

ಮೈದುನ ಲಿಯಾಂಡರನಿಗೆ ಕೈಗವಸು.
ಬಲಗೈ ಸುಲಭ, ಹೋದ ವರ್ಷದ್ದೇ ಲೆಕ್ಕ.
ಎಡಗೈಯ ಕಿರುಬೆರಳು, ಉಂಗುರದ ಬೆರಳು
ಆಗಸ್ಟಿನಲ್ಲಿ ಹಗ್ಗದ ರಾಟೆಗೆ ಹೋದವು.
ಆಮೇಲಿಂದ ಅವನು ಆ ಕೈಯನ್ನು
ಊಟದ ಮೇಜಿನ ಕೆಳಗೇ ಕೂರಿಸುತ್ತಾನೆ,
ತಪ್ಪು ಮಾಡಿದ ಮಗುವಿನ ಹಾಗೆ.
ಐದು ಬೆರಳು ಹೆಣೆದರೆ
ಎರಡು ಖಾಲಿ ಗಾಳಿಗೆ ಲೊಟಪಟ.
ಮೂರು ಹೆಣೆದರೆ, ಹಬ್ಬದ ಬೆಳಿಗ್ಗೆ
ಅವನು ಕಾಗದ ಬಿಚ್ಚಿದಾಗ
ಎಲ್ಲರೆದುರು ಮೇಜಿನ ಮೇಲೆ
ಬಿದ್ದಿರುತ್ತದೆ ಅವನ ಕೈ.
ಹೆಣೆದೆ, ಬಿಚ್ಚಿದೆ. ಹೆಣೆದೆ, ಬಿಚ್ಚಿದೆ.
ಬಿಚ್ಚಿದ ಉಣ್ಣೆ ನೆಟ್ಟಗಾಗಲು ಒಪ್ಪದೆ
ಹಳೆಯ ಸುಕ್ಕನ್ನೇ ಹಿಡಿದುಕೊಂಡು ಕೂತಿತು.

ಕೊನೆಗೆ ನೆನಪಾಯಿತು, ಸೀಲ್ ಬೇಟೆಗೆ ಹೋಗುವಾಗ
ಅಪ್ಪ ತೊಡುತ್ತಿದ್ದ ಗವಸು:
ಹೆಬ್ಬೆರಳಿಗೊಂದು ಮನೆ, ಬಂದೂಕಿನ ಬೆರಳಿಗೊಂದು,
ಉಳಿದವರೆಲ್ಲ ಒಂದೇ ಕೋಣೆಯಲ್ಲಿ ಬೆಚ್ಚಗೆ.
ಒಳಗೆ ಎಷ್ಟು ಮಂದಿ ಎಂದು
ಹೊರಗಿನವರು ಎಣಿಸಲಾರರು.
ಈಗ ಮನೆಮಂದಿಗೆಲ್ಲ ಅದೇ ಗವಸು,
ತೊಟ್ಟಿಲ ಕೂಸಿಗೂ.
ಕೂಸಿಗೆ ಬಂದೂಕಿನ ಬೆರಳು ಯಾಕೆ ಎಂದು ಕೇಳಿದರೆ
ಇನ್ನೂ ಉತ್ತರ ಹೊಳೆದಿಲ್ಲ.

ನಿನ್ನೆ ರಾತ್ರಿ ಓಬೆಡನ ಬೂಟು ಉಳಿದಿತ್ತು.
ಗೇಣು ಹಾಕಲು ಕೈ ತೂರಿಸಿದೆ,
ತುದಿಯಲ್ಲಿ ಏನೋ ಸಿಕ್ಕಿತು:
ಟಾರು ಬಳಿದ ಬಲೆಯ ಹುರಿ, ಮಧ್ಯೆ ಒಂದು ಗಂಟು,
ದೋಣಿ ಕಟ್ಟುವವರು ಹಾಕುವ ಗಂಟು.
ಹಾಯಿ ಹೊಲಿಯುವ ದಬ್ಬಣ ವಾರದಿಂದ ಕಾಣೆ.
ದೋಣಿಮನೆಯಲ್ಲಿ ದೀಪ ತಡವಾಗಿ ಆರುತ್ತಿತ್ತು.
ಇಪ್ಪತ್ತಾರು ವರ್ಷದಲ್ಲಿ ಒಂದು ಗುಂಡಿಯನ್ನೂ
ಹಚ್ಚಿಕೊಂಡವನಲ್ಲ ಈ ಮಹಾಶಯ.

ಹುರಿಯನ್ನು ನನ್ನ ಹೆಗಲಿಗೆ ಹಿಡಿದು ನೋಡಿದೆ.
ಮಂಡಿಗೆ ಬರಬೇಕಾದದ್ದು ಹಿಮ್ಮಡಿಗೆ ಬಂತು.
ಕತ್ತಲಲ್ಲಿ ಪಾಪ,
ಪಕ್ಕದ ಕೊಕ್ಕೆಯ ಕೋಟನ್ನು ಅಳೆದಿದ್ದಾನೆ,
ಅವನಮ್ಮನದು.

ಹುರಿಯನ್ನು ಇದ್ದಂತೆಯೇ ಬೂಟಿನ ತುದಿಗೆ ತಳ್ಳಿ
ದೀಪ ಆರಿಸಿದೆ.
ಬರಲಿ, ಎಷ್ಟೇ ಉದ್ದ ಬರಲಿ.
ಎಲ್ಲರೂ ಮಲಗಿದ ಮೇಲೆ
ಒಂದು ಗೇಣು ಒಳಕ್ಕೆ ಮಡಚಿ
ಹೊಲಿದುಕೊಳ್ಳುತ್ತೇನೆ.